ನೂರಕ್ಕೆ ಎಷ್ಟು? – ಶೇಕಡಾ ಲೆಕ್ಕದ ಹಿನ್ನೆಲೆ

ಶೇಕಡಾ, ಪ್ರತಿಶತ, ಉರ್ದುವಿನ ಫೀಸದಿ – ಈ ಮೂರೂ ಪದಗಳು ಸೂಚಿಸುವುದು ‘ನೂರಕ್ಕೆ ಇಷ್ಟು’ ಎಂಬುದನ್ನೇ. ಶಾಲೆಯ ಅಂಕಪಟ್ಟಿಗೆ ಬರುವ ಬಹಳ ಮೊದಲೇ ಈ ಲೆಕ್ಕ ಸಾಲ-ಬಡ್ಡಿಯ ವ್ಯವಹಾರದಲ್ಲಿ ಬಳಕೆಯಲ್ಲಿತ್ತು.

ಕೌಟಿಲ್ಯನ ಅರ್ಥಶಾಸ್ತ್ರವು ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣವನ್ನು ನ್ಯಾಯವಾದ ಬಡ್ಡಿ ಎನ್ನುತ್ತದೆ. ಅಂದರೆ ವರ್ಷಕ್ಕೆ ಶೇ. 15. ಸಮುದ್ರ ವ್ಯಾಪಾರಿಗಳಿಗೆ ಮಾತ್ರ ತಿಂಗಳಿಗೆ 20 ಪಣ. ಅಪಾಯ ಹೆಚ್ಚಿದಂತೆ ಬಡ್ಡಿಯೂ ಹೆಚ್ಚುತ್ತಿತ್ತು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದ ‘ಗಣಿತಸಾರಸಂಗ್ರಹ’ದಲ್ಲಿ ಅಸಲು, ಬಡ್ಡಿ ಮತ್ತು ಅವಧಿಯನ್ನು ಕಂಡುಹಿಡಿಯುವ ಕ್ರಮಗಳನ್ನು ವಿವರಿಸಿದರು. 12ನೇ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ರಚಿಸಿ, ದಿನನಿತ್ಯದ ಲೆಕ್ಕವನ್ನು ನಮ್ಮ ಭಾಷೆಗೆ ತಂದನು.

ತಿಂಗಳ ಲೆಕ್ಕದ ಆ ಹಳೆಯ ರೂಢಿ ಇಂದಿಗೂ ಅಳಿದಿಲ್ಲ. ಕೈಸಾಲ ಕೊಡುವವರು “ನೂರಕ್ಕೆ ಮೂರು ರೂಪಾಯಿ” ಎಂದರೆ ಅದು ತಿಂಗಳ ಬಡ್ಡಿ. ಬ್ಯಾಂಕು ಶೇ. 12 ಎಂದರೆ ಅದು ವರ್ಷದ್ದು. ಕಿವಿಗೆ ಮೂರು ಚಿಕ್ಕದು, ಹನ್ನೆರಡು ದೊಡ್ಡದು. ಆದರೆ 20,000 ರೂ. ಅಸಲು ವರ್ಷಪೂರ್ತಿ ಹಾಗೆಯೇ ಉಳಿದರೆ, ಮೊದಲನೆಯದಕ್ಕೆ ತಿಂಗಳಿಗೆ 600ರಂತೆ 7,200 ರೂ. ಬಡ್ಡಿ; ಎರಡನೆಯದಕ್ಕೆ ಬರೀ 2,400 ರೂ.

ವಿದ್ಯಾರ್ಥಿಗಳೇ, ಗೊಟ್ಟಿಗೆರೆಯ ನಮ್ಮ ಮನೆಗಳಲ್ಲಿ ಮದುವೆಗೋ, ಕಾಲೇಜು ಫೀಸಿಗೋ ಸಾಲದ ಮಾತು ಬಂದಾಗ, ಲೆಕ್ಕ ಬಲ್ಲ ನೀವು ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಿ. “ನೂರಕ್ಕೆ ಎಷ್ಟು?” ಎಂದಷ್ಟೇ ಕೇಳಿದರೆ ಸಾಲದು, “ತಿಂಗಳಿಗೋ, ವರ್ಷಕ್ಕೋ?” ಎಂದೂ ಕೇಳಬೇಕು.