ಅಡಮಾನ ಸಾಲದ ನಿರಾಕರಣೆ: ವಿಜಯಪುರ ಸೀಮೆಯ ಒಂದೂವರೆ ಶತಮಾನದ ಇತಿಹಾಸ

ವಿಜಯಪುರ ನಗರದಲ್ಲಾಗಲಿ, ತಿಕೋಟಾ, ಬಬಲೇಶ್ವರ ತಾಲೂಕುಗಳಲ್ಲಾಗಲಿ ಹೊಲವನ್ನೋ ಮನೆಯನ್ನೋ ಅಡಮಾನವಿಟ್ಟು ಸಾಲ ಕೇಳಿದವರ ಅರ್ಜಿ ಬ್ಯಾಂಕಿನಲ್ಲಿ ತಿರಸ್ಕೃತವಾದಾಗ, ಅದಕ್ಕೆ ಅರ್ಜಿದಾರನ ವರಮಾನದ ಕೊರತೆ ಅಥವಾ ಅಧಿಕಾರಿಯ ಮರ್ಜಿ ಕಾರಣವೆಂದು ತಿಳಿಯುವುದು ರೂಢಿಯಾಗಿದೆ. ಆದರೆ ಈ ಸೀಮೆಯಲ್ಲಿ ನಿರಾಕರಣೆಗೆ ಕೊಡಲಾಗುವ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ರೈತನ ಭೂಮಿ ಸಾಹುಕಾರನ ಪಾಲಾಗದಂತೆ ತಡೆಯಲು ಹುಟ್ಟಿದ ಕಾನೂನುಗಳಿಂದಲೂ, ಆ ಕಾನೂನುಗಳು ಬೇಡಿದ ದಾಖಲೆಗಳಿಂದಲೂ ಬಂದವು ಎಂಬುದು ಕಾಣುತ್ತದೆ. ಭೂಮಿಯನ್ನು ಕಿತ್ತುಕೊಳ್ಳುವುದು ಸುಲಭವಾಗಿದ್ದ ಕಾಲದಲ್ಲಿ ಸಾಲವೂ ಸುಲಭವಾಗಿ ಸಿಗುತ್ತಿತ್ತು. ಕಿತ್ತುಕೊಳ್ಳುವುದು ಕಷ್ಟವಾದಂತೆ ಸಾಲ ಕೊಡುವವನು ಕಾಗದಪತ್ರ ಕೇಳತೊಡಗಿದನು, ಅವು ಸರಿಯಿಲ್ಲದಿದ್ದರೆ ಇಲ್ಲವೆನ್ನತೊಡಗಿದನು.

ಪೇಶ್ವೆಯವರ ಪತನದ ನಂತರ ಸಾತಾರಾ ಅರಸರ ಅಧೀನದಲ್ಲಿದ್ದ ವಿಜಯಪುರವು 1848ರಲ್ಲಿ ಆ ಸಂಸ್ಥಾನದೊಂದಿಗೆ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿ ಆಗಲೇ ಜಾರಿಯಲ್ಲಿದ್ದ ರೈತವಾರಿ ಪದ್ಧತಿಯಲ್ಲಿ, ಅಂದರೆ ಪ್ರತಿ ಹೊಲವನ್ನು ಅಳೆದು, ಸರ್ವೆ ನಂಬರು ಕೊಟ್ಟು, ಅದರ ಆಕಾರವನ್ನು (ಭೂಕಂದಾಯವನ್ನು) ನೇರವಾಗಿ ರೈತನಿಂದ ವಸೂಲು ಮಾಡುವ ವ್ಯವಸ್ಥೆಯಲ್ಲಿ, ಕಂದಾಯ ಕಟ್ಟುವ ರೈತನಿಗೆ ಹೊಲವನ್ನು ಮಾರುವ ಮತ್ತು ಅಡವಿಡುವ ಹಕ್ಕು ಸ್ಪಷ್ಟವಾಗಿ ದೊರೆಯಿತು. ಅಲ್ಲಿಯವರೆಗೆ ಮುಖ್ಯವಾಗಿ ರಾಶಿಯ ಮೇಲೆ ಕಣ್ಣಿಟ್ಟು ಸಾಲ ಕೊಡುತ್ತಿದ್ದ ಸಾಹುಕಾರನಿಗೆ ಈಗ ನೆಲವೇ ಆಧಾರವಾಯಿತು. ಹಾಗಾಗಿ ರೈತನ ಕೈಗೆ ಬಂದ ಹಕ್ಕೇ ಅವನ ಕೈತಪ್ಪುವ ದಾರಿಯನ್ನೂ ತೆರೆಯಿತು.

ಡೋಣಿ ನದಿಯ ಬಯಲಿನ ಎರೆಮಣ್ಣು ಬಿಳಿಜೋಳಕ್ಕೆ ಹೆಸರಾದದ್ದು. ಆದರೆ ಡೋಣಿ ಬೆಳೆದರೆ ಉಣ್ಣುವವರು ಸಾಲರು, ಬೆಳೆಯದಿದ್ದರೆ ಉಣ್ಣಲು ಸಿಗದು ಎಂಬ ಅರ್ಥದ ಹಳೆಯ ಮಾತು ಹೇಳುವಂತೆ, ಮಳೆ ತಪ್ಪಿದ ವರ್ಷ ಇಲ್ಲಿ ಕಾಳೂ ಇರುತ್ತಿರಲಿಲ್ಲ. 1876ರಿಂದ 1878ರವರೆಗಿನ ಮಹಾಕ್ಷಾಮ ಇದರ ಕ್ರೂರ ಸಾಕ್ಷಿ: 1872ರ ಜನಗಣತಿಯಲ್ಲಿ 8 ಲಕ್ಷಕ್ಕೂ ಮಿಕ್ಕಿದ್ದ, ವಿಜಯಪುರವೂ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರ ಹೊತ್ತಿಗೆ 6.4 ಲಕ್ಷದ ಆಸುಪಾಸಿಗೆ ಇಳಿದಿತ್ತು. ಇಂಥ ವರ್ಷಗಳಲ್ಲಿ ಬಿತ್ತನೆಗೂ ಎತ್ತಿಗೂ ಹೊಟ್ಟೆಗೂ ಬೇಕಾದ ಹಣ ಸಿಗುತ್ತಿದ್ದುದು ಗಹಾಣಖತದ, ಅಂದರೆ ಅಡಮಾನ ಪತ್ರದ ಮೇಲೆ. ಅದರಲ್ಲಿ ಮೂರು ಬಗೆಗಳು ಪ್ರಮುಖವಾಗಿದ್ದವು: ಹೊಲ ರೈತನ ಬಳಿಯೇ ಉಳಿದು ಕಾಗದದಲ್ಲಿ ಮಾತ್ರ ಆಧಾರವಾಗುವ ನಜರ ಗಹಾಣ, ಸಾಲ ತೀರುವ ತನಕ ಹೊಲವೂ ಅದರ ಫಸಲೂ ಸಾಹುಕಾರನ ವಶಕ್ಕೆ ಹೋಗುವ ಕಬ್ಜಾ ಗಹಾಣ, ಗೊತ್ತಾದ ಅವಧಿಯೊಳಗೆ ಹಣ ಮರಳಿಸದಿದ್ದರೆ ಅಡಮಾನವೇ ಪೂರ್ಣ ಮಾರಾಟವಾಗಿ ಬದಲಾಗುವ ಮುದ್ದತ್ ಖರೀದಿ. ಮೂರನೆಯದನ್ನು ಬರೆಸಿಕೊಂಡ ಸಾಹುಕಾರನಿಗೆ ಸಾಲ ಮರುಪಾವತಿಯಾಗದಿದ್ದರೂ ನಷ್ಟವಿರಲಿಲ್ಲವಾದ್ದರಿಂದ, ಅವನು ಅರ್ಜಿದಾರನ ದುಡಿಮೆಯನ್ನು ಪರೀಕ್ಷಿಸಬೇಕಾದ ಅಗತ್ಯವೂ ಇರಲಿಲ್ಲ.

1875ರಲ್ಲಿ ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟ ದಖ್ಖನ್ ದಂಗೆಯ ಫಲವಾಗಿ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಬಂದಿತು. ಮೊದಲು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರಗಳಿಗೆ ಅನ್ವಯಿಸಿ, ಬಳಿಕ ಪ್ರಾಂತದ ಇತರ ಭಾಗಗಳಿಗೂ ವಿಸ್ತರಿಸಿದ ಈ ಕಾಯಿದೆಯು, ಪತ್ರದಲ್ಲಿ ಬರೆದ ಮೊತ್ತವನ್ನು ಬದಿಗಿಟ್ಟು ನಿಜವಾದ ಲೆಕ್ಕವನ್ನು ಕೆದಕುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. ಸ್ಪಷ್ಟವಾಗಿ ಅಡಮಾನವಿಡದ ರೈತನ ಭೂಮಿಯನ್ನು ಸಾಲಕ್ಕಾಗಿ ಹರಾಜು ಹಾಕುವುದನ್ನು ತಡೆಯಿತು. 1901ರಲ್ಲಿ ಭೂಕಂದಾಯ ಸಂಹಿತೆಗೆ ತಂದ ತಿದ್ದುಪಡಿಯ ಮೂಲಕ ಸರ್ಕಾರವು, ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ ಎಂಬ ಹೊಸ ಶರ್ತಿನ ಮೇಲೆ ಭೂಮಿಯನ್ನು ಕೊಡಲು ಆರಂಭಿಸಿತು. ಮುದ್ದತ್ ಖರೀದಿಯಂಥ ವ್ಯವಹಾರದ ಷರತ್ತು ಮಾರಾಟದ ಪತ್ರದಲ್ಲಿಯೇ ಇಲ್ಲದಿದ್ದರೆ ಆ ವ್ಯವಹಾರವನ್ನು ಅಡಮಾನವೆಂದು ಪರಿಗಣಿಸಲಾಗದು ಎಂಬ ನಿಯಮವನ್ನು 1929ರಲ್ಲಿ ಸ್ವತ್ತು ವರ್ಗಾವಣೆ ಕಾಯಿದೆಗೆ ಸೇರಿಸಲಾಯಿತು. ಮೊದಲ ಎರಡು ಕ್ರಮಗಳಿಂದ ರೈತನ ನೆಲ ಭದ್ರವಾಯಿತು ಎಂಬುದು ಎಷ್ಟು ನಿಜವೋ, ಮಾರಲಾಗದ ನೆಲವನ್ನು ಆಧಾರವಾಗಿ ಒಪ್ಪುವವರು ಕಡಿಮೆಯಾದರು ಎಂಬುದೂ ಅಷ್ಟೇ ನಿಜ.

ಇದರ ನಡುವೆ ಸರ್ಕಾರವು 1883 ಮತ್ತು 1884ರ ಕಾಯಿದೆಗಳ ಮೂಲಕ ಬಾವಿ, ಬದು, ಬೀಜ, ಎತ್ತುಗಳಿಗಾಗಿ ತಗಾವಿ ಸಾಲ ಕೊಟ್ಟಿತು. 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆಯ ಬೆನ್ನಿಗೇ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳ್ತನದಲ್ಲಿ ಸಹಕಾರ ಸಂಘ ಹುಟ್ಟಿತು. ಆದರೆ ಪತ್ತಿನ ಸಂಘಗಳು ಮುಖ್ಯವಾಗಿ ಜಾಮೀನುದಾರರನ್ನು ನಂಬಿ ಅಲ್ಪಾವಧಿಯ ಸಾಲ ಕೊಡುತ್ತಿದ್ದವು. ಬಾವಿ ತೋಡಲು, ಹಳೆಯ ಸಾಲ ತೀರಿಸಲು ಬೇಕಾದ ದೀರ್ಘಾವಧಿ ಸಾಲಕ್ಕಾಗಿ ಭೂ ಅಡಮಾನ ಬ್ಯಾಂಕುಗಳು ಸ್ಥಾಪನೆಯಾದವು; ಇವೇ ಮುಂದೆ ಜನರ ಬಾಯಲ್ಲಿ ಪಿಎಲ್‌ಡಿ ಬ್ಯಾಂಕುಗಳಾದವು. ಹಕ್ಕು ಯಾರದು, ಭೂಮಿಯ ಬೆಲೆಯೆಷ್ಟು, ಬೆಳೆಯಿಂದ ಕಂತು ಕಟ್ಟಲಾದೀತೆ ಎಂಬ ಮೂರು ಪ್ರಶ್ನೆಗಳನ್ನು ಕ್ರಮವಾಗಿ ಕೇಳುವ ಪದ್ಧತಿಯನ್ನು ಗ್ರಾಮೀಣ ಸಾಲದಲ್ಲಿ ಬೇರೂರಿಸಿದವು ಇವೇ; ಇಂದಿನ ನಿರಾಕರಣೆಗಳೂ ಹೆಚ್ಚಾಗಿ ಈ ಮೂರರಲ್ಲೊಂದಕ್ಕೆ ಉತ್ತರ ಸಿಗದಾಗ ಬರುತ್ತವೆ. ಅವುಗಳ ಎಚ್ಚರಿಕೆಗೆ ತೆತ್ತ ಬೆಲೆ ದೊಡ್ಡದು: 1951–52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರ ಸಾಲದಲ್ಲಿ ಸಹಕಾರ ಸಂಸ್ಥೆಗಳ ಪಾಲು ಶೇ. 3.1, ಸರ್ಕಾರದ್ದು ಶೇ. 3.3, ವಾಣಿಜ್ಯ ಬ್ಯಾಂಕುಗಳದ್ದು ಶೇ. 0.9 ಮಾತ್ರ ಆಗಿದ್ದು, ಸುಮಾರು ಶೇ. 70 ಭಾಗ ಲೇವಾದೇವಿಗಾರರಿಂದಲೇ ಬರುತ್ತಿತ್ತು.

ಹಕ್ಕಿನ ಪ್ರಶ್ನೆಗೆ ಉತ್ತರ ಕೊಡಬೇಕಾದದ್ದು ಉತಾರ. ಮುಂಬಯಿ ಪ್ರಾಂತದಲ್ಲಿ 1903ರ ಕಾಯಿದೆಯಿಂದ ಆರಂಭವಾಗಿ 1913ರಲ್ಲಿ ಭೂಕಂದಾಯ ಸಂಹಿತೆಗೆ ಸೇರಿದ ಹಕ್ಕು ದಾಖಲೆಯ ವ್ಯವಸ್ಥೆಯೇ ಇದರ ಮೂಲ. ರಾಜ್ಯದ ಇತರೆಡೆ ಇದನ್ನು ಪಹಣಿ ಎನ್ನುತ್ತಾರೆ. ಇಂದಿನ ಉತಾರದ 9ನೇ ಕಾಲಮ್ಮಿನಲ್ಲಿ ಮಾಲೀಕನ ಹೆಸರೂ ಕ್ಷೇತ್ರವೂ, 10ರಲ್ಲಿ ಆ ಹಕ್ಕು ಬಂದ ಬಗೆಯೂ, 11ರಲ್ಲಿ ಇತರೆ ಹಕ್ಕುಗಳೂ ಋಣಗಳೂ ದಾಖಲಾಗಿರುತ್ತವೆ. ತೀರಿಹೋದ ಅಜ್ಜನ ಹೆಸರು 9ನೇ ಕಾಲಮ್ಮಿನಲ್ಲಿಯೇ ಉಳಿದು, ಮಕ್ಕಳು ಮೊಮ್ಮಕ್ಕಳು ಬಾಯಿಮಾತಿನ ವಾಟ್ನಿಯಂತೆ, ಅಂದರೆ ನೋಂದಣಿಯಾಗದ ಪಾಲುಪಟ್ಟಿಯಂತೆ ಹೊಲ ಉಳುತ್ತಿದ್ದರೆ, ಅವರಲ್ಲಿ ಯಾರೊಬ್ಬರೂ ಕಾನೂನಿನ ಕಣ್ಣಿನಲ್ಲಿ ತಮ್ಮ ಪಾಲನ್ನು ಬಿಡಿಯಾಗಿ ತೋರಿಸಲಾರರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟ 1994ರ ಕರ್ನಾಟಕ ತಿದ್ದುಪಡಿ ಮತ್ತು 2005ರ ಕೇಂದ್ರ ತಿದ್ದುಪಡಿಗಳ ನಂತರ, ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ಸಹಿಯಿಲ್ಲದ ಅರ್ಜಿಯನ್ನು ಬ್ಯಾಂಕಿನ ವಕೀಲರು ಒಪ್ಪುವುದಿಲ್ಲ. ಇದು ನ್ಯಾಯವಾದ ನಿರಾಕರಣೆ. 11ನೇ ಕಾಲಮ್ಮಿನ ತೊಡಕು ಬೇರೆ ಬಗೆಯದು. ಸಾಲ ಪಡೆದಾಗ ಅಲ್ಲಿ ಬೋಜಾ (ಸಾಲದ ಹೊರೆ) ಏರುತ್ತದೆ, ತೀರಿಸಿದಾಗ ಅದನ್ನು ಇಳಿಸಬೇಕು. ತಂದೆಯ ಕಾಲದ ಸಾಲ ತೀರಿದ್ದರೂ ಬೇಬಾಕಿ ಪತ್ರವನ್ನು (ಸಾಲ ತೀರಿದ ಪತ್ರವನ್ನು) ಕಚೇರಿಗೆ ಕೊಡದೆ ಬಿಟ್ಟಿದ್ದರೆ, ಆ ಹೊಲ ಕಾಗದದಲ್ಲಿ ಇನ್ನೂ ಅಡಮಾನದಲ್ಲಿಯೇ ಇರುತ್ತದೆ.

ಈ ಒಂದು ಕಾಲಮ್ಮಿನ ತೂಕ ಎಷ್ಟೆಂಬುದು 2024ರ ಅಕ್ಟೋಬರಿನಲ್ಲಿ ತಿಕೋಟಾ ತಾಲೂಕಿನ ಹೊನವಾಡದಲ್ಲಿ ನಾಡಿಗೇ ತಿಳಿಯಿತು. ಅಲ್ಲಿನ ಜಮೀನುಗಳು ವಕ್ಫ್ ಆಸ್ತಿಯೆಂಬ ಸುದ್ದಿ ಹಬ್ಬಿ, ಜಿಲ್ಲೆಯ ರೈತರಿಗೆ ನೋಟಿಸುಗಳೂ ಹೋಗಿ ಕಳವಳ ಹರಡಿದಾಗ, ಹಳೆಯ ಗೆಜೆಟ್ ಅಧಿಸೂಚನೆಯೊಂದರ ತಪ್ಪಿನಿಂದ ಹೊನವಾಡದ ಗೊಂದಲ ಹುಟ್ಟಿತೆಂದು ಸರ್ಕಾರ ಹೇಳಿತು, ನೋಟಿಸುಗಳನ್ನು ಹಿಂಪಡೆಯಲು ಸೂಚಿಸಿತು. ಒಡೆತನದ ವಿವಾದ ಯಾವ ಕಡೆಗೆ ತೀರ್ಮಾನವಾದರೂ, ಅದು ತೀರುವ ತನಕ 11ನೇ ಕಾಲಮ್ಮಿನಲ್ಲಿ ವಕ್ಫ್ ಎಂಬ ನಮೂದಿರುವ ಹೊಲದ ಮೇಲೆ ಸಾಲ ಹುಟ್ಟುವುದಿಲ್ಲ.

ಎರಡನೆಯ ಪ್ರಶ್ನೆಯಾದ ಭೂಮಿಯ ಬೆಲೆಯ ಮೇಲೆ, ಉಳುವವನಿಗೆ ನೆಲ ಕೊಟ್ಟ ಸುಧಾರಣೆಗಳ ನೆರಳೂ ಇದೆ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯು ಗೇಣಿದಾರನಿಗೆ ಮಾಲೀಕತ್ವ ನೀಡುವಾಗ 15 ವರ್ಷ ಮಾರಾಟವನ್ನು ನಿಷೇಧಿಸಿ, ಬ್ಯಾಂಕು ಮತ್ತು ಸಹಕಾರ ಸಂಸ್ಥೆಗಳಿಗೆ ಅಡಮಾನವಿಡಲು ಮಾತ್ರ ಅವಕಾಶ ಕೊಟ್ಟಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯಿದೆ ತಡೆಯಿತು. 2020ರವರೆಗೆ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ನಿರ್ಬಂಧವಿದ್ದುದರಿಂದ ಹರಾಜಿನಲ್ಲಿ ಕೂಗುವವರ ಸಂಖ್ಯೆಯೂ ಕಿರಿದಾಗಿತ್ತು. ನ್ಯಾಯಾಲಯಕ್ಕೆ ಹೋಗದೆ ಆಧಾರವನ್ನು ವಶಪಡಿಸಿಕೊಳ್ಳುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಟ್ಟ 2002ರ ಸರ್ಫೇಸಿ ಕಾಯಿದೆ ಕೃಷಿಭೂಮಿಯನ್ನು ಹೊರಗಿಟ್ಟಿದೆ. ರೈತನ ಪಾಲಿಗೆ ಇವೆಲ್ಲ ಅಮೂಲ್ಯ ರಕ್ಷಣೆಗಳು. ಆದರೆ ಅದೇ ಕಾರಣದಿಂದ, ಸಮಬೆಲೆಯ ಹೊಲಕ್ಕಿಂತ ನಗರದ ನಿವೇಶನವನ್ನು ಬ್ಯಾಂಕು ಮೇಲೆಂದು ಎಣಿಸುತ್ತದೆ.

ಮೂರನೆಯ ಪ್ರಶ್ನೆಯಾದ ಮರುಪಾವತಿಯ ಶಕ್ತಿ ಈ ಒಣಸೀಮೆಯಲ್ಲಿ ನೀರಿನ ಪ್ರಶ್ನೆಯೇ ಆಗಿದೆ. ತಿಕೋಟಾ ಭಾಗದ ದ್ರಾಕ್ಷಿ ತೋಟಕ್ಕೆ ಕಂಬ, ತಂತಿ, ಹನಿ ನೀರಾವರಿ, ಒಣದ್ರಾಕ್ಷಿಯ ಶೆಡ್ಡು ಎಂದು ಮೊದಲಿಗೇ ದೊಡ್ಡ ಬಂಡವಾಳ ಬೇಕು. ಬೋರ್‌ವೆಲ್ ಬತ್ತಿದರೆ ಅಷ್ಟೂ ನಿಷ್ಫಲ. ಅಂತರ್ಜಲ ಮಿತಿಮೀರಿ ಬಳಕೆಯಾದ ಪ್ರದೇಶಗಳಲ್ಲಿ ಹೊಸ ಬಾವಿಗಳಿಗೆ ನಬಾರ್ಡ್‌ನ ಮರುಹಣಕಾಸು ಸಿಗದ ನಿಯಮ ಹುಟ್ಟಿದ್ದು ಇದರಿಂದಲೇ. ತುಬಚಿ–ಬಬಲೇಶ್ವರ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ಬಂದ ಕಡೆಗಳಲ್ಲಿ ನೆಲದ ಬೆಲೆಯೂ ಸಾಲಗಾರನ ಯೋಗ್ಯತೆಯೂ ಬದಲಾಗುವುದು ಸಹಜ.

ನಗರದಲ್ಲಿ ತೊಡಕುಗಳ ರೂಪ ಬೇರೆ. ಎನ್‌ಎ ಆಗದ, ಅಂದರೆ 1964ರ ಭೂಕಂದಾಯ ಕಾಯಿದೆಯ 95ನೇ ಕಲಮಿನಂತೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾಗದ ಹೊಲವನ್ನು ಗುಂಟೆಗಳಾಗಿ ತುಂಡರಿಸಿ ಮಾರಿದ ಪ್ಲಾಟುಗಳ ಮೇಲೆ ಮನೆ ಸಾಲ ಸಿಗುವುದಿಲ್ಲ. ಇದಲ್ಲದೆ, ಆದಿಲಶಾಹಿ ರಾಜಧಾನಿಯಾಗಿದ್ದ ಈ ಊರಿನಲ್ಲಿ ಪ್ರಾಚೀನ ಸ್ಮಾರಕಗಳ 2010ರ ತಿದ್ದುಪಡಿ ಕಾಯಿದೆಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಕಡ್ಡಾಯ. ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್‌ಗಳಂಥ ಸ್ಮಾರಕಗಳು ಹರಡಿರುವ ನಗರದಲ್ಲಿ, ಹಕ್ಕು ನಿಷ್ಕಳಂಕವಾಗಿದ್ದು ವರಮಾನ ಸಾಕಷ್ಟಿದ್ದರೂ, ಕಟ್ಟಡ ಪರವಾನಗಿಯಿಲ್ಲದ ಕಾರಣಕ್ಕೆ ಅರ್ಜಿ ಮರಳಬಹುದು.

ಈ ಎಲ್ಲ ಕಾರಣಗಳ ಜೊತೆಗೆ ಈಗ, 300ರಿಂದ 900ರವರೆಗಿನ ಅಂಕದಲ್ಲಿ ಹಿಂದಿನ ಸಾಲಗಳ ನಡತೆಯನ್ನು ಅಳೆಯುವ ಸಿಬಿಲ್ ವರದಿಯೂ ಸೇರಿದೆ. ಆದ್ದರಿಂದ ಅರ್ಜಿದಾರನಿಗೆ ಮೊದಲು ಬೇಕಾದದ್ದು ನಿರಾಕರಣೆಯ ನಿಜವಾದ ಕಾರಣ. ಸಣ್ಣ ಸಾಲಗಳ ಅರ್ಜಿ ತಿರಸ್ಕರಿಸುವಾಗ ಮುಖ್ಯ ಕಾರಣಗಳನ್ನು ಬರಹದಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕು 2003ರಲ್ಲಿ ಸೂಚಿಸಿ, 2007ರಲ್ಲಿ ಅದನ್ನು ಎಲ್ಲ ಸಾಲಗಳಿಗೂ ವಿಸ್ತರಿಸಿದೆ. ದೋಷ 9 ಅಥವಾ 11ನೇ ಕಾಲಮ್ಮಿನಲ್ಲಿದ್ದರೆ ಅದರ ಪರಿಹಾರ ತಹಶೀಲ್ದಾರ ಕಚೇರಿಯಲ್ಲಿದೆ, ಪರವಾನಗಿಯದ್ದಾದರೆ ಪಾಲಿಕೆಯಲ್ಲಿದೆ, ಮರುಪಾವತಿಯದ್ದಾದರೆ ಸಾಲದ ಮೊತ್ತ ಮತ್ತು ಕಂತನ್ನು ತಗ್ಗಿಸುವುದರಲ್ಲಿದೆ. ಕಾರಣ ತಿಳಿಯದೆ ಮರಳಿದ ರೈತ ನೇರವಾಗಿ ಖಾಸಗಿ ಲೇವಾದೇವಿಗಾರನ ಬಳಿಗೆ ಹೋಗುತ್ತಾನೆ, ಆಗ 1879ರಿಂದ ಕಟ್ಟಿಕೊಂಡು ಬಂದ ರಕ್ಷಣೆಯಷ್ಟೂ ಅವನ ಮಟ್ಟಿಗೆ ವ್ಯರ್ಥವಾಗುತ್ತದೆ. ರೈತನ ನೆಲವನ್ನು ಕಾಯುವ ಕಾನೂನಿಗೆ, ಆ ನೆಲದ ದಾಖಲೆಯನ್ನು ಸರಿಯಾಗಿಡುವ ಹೊಣೆಯೂ ಸೇರಿದೆ. ಆ ಹೊಣೆ ಪೂರೈಸಿದರೆ ಮಾತ್ರ ರಕ್ಷಣೆ ಮತ್ತು ಸಾಲ ಎರಡೂ ಒಬ್ಬನೇ ರೈತನಿಗೆ ಒಟ್ಟಿಗೆ ದಕ್ಕಲು ಸಾಧ್ಯ.