ಪುರಾತನ ಕಟ್ಟಡಗಳೂ ವಿದ್ಯುತ್ ನಿಯಮಗಳ ವಿನಾಯಿತಿಯೂ

ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಪಡೆದು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದ ನಾಡು ನಮ್ಮದು. ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹಗಲು ಹೋಟೆಲುಗಳಲ್ಲಿ ದುಡಿದು, ಇರುಳು ಕೋಟೆ ಪ್ರದೇಶದ ರಾತ್ರಿಶಾಲೆಗಳಲ್ಲಿ ವಿದ್ಯುದ್ದೀಪದ ಕೆಳಗೆ ಓದಿದವರು. ಆದಕಾರಣ ಈ ನಗರದ ಹಳೆಯ ಕಟ್ಟಡಗಳಿಗೂ ವಿದ್ಯುತ್ತಿಗೂ ನಡುವಣ ಸಂಬಂಧವನ್ನು ವಿಚಾರಿಸುವುದು ನಮಗೆ ಅಪ್ರಸ್ತುತವೆನಿಸದು.

ಇಲ್ಲಿಯ ಟೌನ್ ಹಾಲ್ 1833ರದು. ಹೈಕೋರ್ಟಿನ ಕಟ್ಟಡ 1878ರದು. ಇಂದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ ಎನಿಸಿಕೊಂಡಿರುವ ರೈಲು ನಿಲ್ದಾಣ ಮುಗಿದದ್ದು 1888ರಲ್ಲಿ. ನಗರಕ್ಕೆ ವಿದ್ಯುತ್ತನ್ನೂ ಟ್ರಾಮನ್ನೂ ಒದಗಿಸಿದ ಕಂಪೆನಿಯ ಸ್ಥಾಪನೆಯಾದದ್ದಾದರೋ 1905ರಲ್ಲಿ. ವಿದ್ಯುತ್ ಟ್ರಾಮು ಓಡಿದ್ದು 1907ರಲ್ಲಿ. ಎಂದರೆ, ಈ ಕಟ್ಟಡಗಳನ್ನು ಕಟ್ಟಿದವರು ಗೋಡೆಯಲ್ಲಿ ತಂತಿಗೆ ಎಡೆಯಿರಿಸಿರಲಿಲ್ಲ. ತರುವಾಯ ಇಂಥ ಕಟ್ಟಡಗಳೊಳಗೆ ಮರದ ಪಟ್ಟಿಗಳ ಮೇಲೆ, ರಬ್ಬರಿನ ಹೊದಿಕೆ ತೊಟ್ಟು ತಂತಿ ಬಂದಿತು. ಅದು ನಾಲ್ಕು ದೀಪ, ಎರಡು ಫ್ಯಾನುಗಳಿಗೆ ಸಾಕಾದ ತಂತಿ. ಬ್ಯಾಂಕುಗಳಲ್ಲಿ ಗುಮಾಸ್ತರಾಗಿರುವ ನಮ್ಮಂಥವರಿಗೆ ಮುಂದಿನ ಕಥೆ ಗೊತ್ತೇ ಇದೆ. ಲೆಡ್ಜರು ಇದ್ದ ಮೇಜಿನ ಮೇಲೆ ಕಂಪ್ಯೂಟರು ಬಂದಿತು, ಕಿಟಕಿಗೆ ಏರ್ ಕಂಡಿಷನರ್ ಬಂದಿತು; ಗೋಡೆ ಮಾತ್ರ ಹಳೆಯದೇ ಉಳಿಯಿತು.

ವಿದ್ಯುತ್ತು ಸೇವಕನೂ ಹೌದು, ಮೈಮರೆತರೆ ಮೃತ್ಯುವೂ ಹೌದು. ಇದನ್ನರಿತೇ 1887, 1903 ಮತ್ತು 1910ರಲ್ಲಿ ಕಾಯಿದೆಗಳಾದವು. 1956ರಲ್ಲಿ ವಿವರವಾದ ನಿಯಮಗಳು ಬಂದವು. ದೊಡ್ಡ ಸ್ವಿಚ್ ಬೋರ್ಡಿನ ಮುಂದೆ ಕನಿಷ್ಠ 1 ಮೀಟರ್ ಜಾಗ ತೆರವಾಗಿರಬೇಕೆಂಬಂಥ ನಿಯಮಗಳು ಹೊಸ ಕಟ್ಟಡಕ್ಕೆ ಸುಲಭ. ಕೆತ್ತನೆಯ ಕಲ್ಲಿನ ಇಕ್ಕಟ್ಟಾದ ಓಣಿಯಲ್ಲಿ ಆ ಜಾಗವನ್ನು ತರುವುದೆಲ್ಲಿಂದ? ನಿಯಮ ಮಾಡಿದವರೂ ಇದನ್ನು ಯೋಚಿಸದೆ ಇರಲಿಲ್ಲ. ಕೆಲವು ನಿಯಮಗಳನ್ನು ಷರತ್ತುಗಳೊಡನೆ ಸಡಿಲಿಸಿ ಲಿಖಿತ ಆಜ್ಞೆ ಹೊರಡಿಸುವ ಅಧಿಕಾರವನ್ನು 1956ರ ನಿಯಮಗಳೇ ಸರಕಾರಕ್ಕೆ ಕೊಟ್ಟಿದ್ದವು. 1910ರ ಕಾಯಿದೆಯ ಸ್ಥಾನದಲ್ಲಿ ಈಗ 2003ರ ಕಾಯಿದೆಯೂ, ಸುರಕ್ಷತೆಯ ವಿಷಯದಲ್ಲಿ 2023ರ ನಿಯಮಾವಳಿಯೂ ಇವೆ.

1995ರಲ್ಲಿ ಮುಂಬಯಿಯ ಪಾರಂಪರಿಕ ಕಟ್ಟಡಗಳಿಗೆ ಪ್ರತ್ಯೇಕ ನಿಯಮಾವಳಿ ಬಂದು, ಅವು ಮೂರು ದರ್ಜೆಗಳಾಗಿ ವಿಂಗಡವಾದವು. ಮೊದಲನೆಯ ದರ್ಜೆಯ ಕಟ್ಟಡದಲ್ಲಿ, ಅದರ ಬಾಳಿಕೆಗೆ ಅವಶ್ಯವಾದ ಹೊರತು, ಒಳಗೂ ಹೊರಗೂ ಕೈಯಾಡಿಸುವಂತಿಲ್ಲ. ಕಟ್ಟಡದ ರಕ್ಷಣೆಗೆ ಅಗತ್ಯವಾದರೆ ನಗರಸಭೆಯ ಇತರ ಕಟ್ಟಡ ನಿಯಮಗಳನ್ನು ಕಮಿಷನರು ತಜ್ಞಸಮಿತಿಯೊಡನೆ ಸಮಾಲೋಚಿಸಿ ಸಡಿಲಿಸಲು ಅದರಲ್ಲಿಯೇ ಅವಕಾಶವಿತ್ತು. ಆದರೆ ನಗರಸಭೆ ಒಪ್ಪಿದ ಮಾತ್ರಕ್ಕೆ ವಿದ್ಯುತ್ ಕಾಯಿದೆ ಒಪ್ಪಿದಂತಾಗದು. ತಟ್ಟಬೇಕಾದ ಬಾಗಿಲುಗಳು ಎರಡು.

ವಿನಾಯಿತಿಯೆಂದರೆ ದಾಕ್ಷಿಣ್ಯವಲ್ಲ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಅದು ಅಡಮಾನದ ಮೇಲೆ ಕೊಡುವ ಸಾಲ. ಯಾವ ನಿಯಮವನ್ನು ಪಾಲಿಸಲಾಗದು, ಪಾಲಿಸಿದರೆ ಕಟ್ಟಡಕ್ಕೆ ಆಗುವ ಹಾನಿ ಏನು, ಅದರ ಬದಲು ಯಾವ ರಕ್ಷಣೆಯನ್ನು ಒದಗಿಸುತ್ತೇವೆ ಎಂಬ ಮೂರನ್ನೂ ನಕ್ಷೆ ಮತ್ತು ಲೋಡಿನ ಲೆಕ್ಕದೊಡನೆ ಬರೆದು ಕೇಳಬೇಕು. ಈ ಮೂರನೆಯದೇ ಅಡಮಾನ. ಗೋಡೆ ಕೊರೆಯಲಾಗದಿದ್ದರೆ ಅಂಚುಗಳ ಮರೆಯಲ್ಲಿ ಲೋಹದ ಕೊಳವೆ. ಸೋರುವ ವಿದ್ಯುತ್ತನ್ನು ಕೂಡಲೇ ಕಡಿಯುವ ಸಾಧನ. ಹೊಗೆ ಕಂಡೊಡನೆ ಕೂಗುವ ಗಂಟೆ. ಸಾಧ್ಯವಾದಲ್ಲಿ ಭಾರಿ ಯಂತ್ರಗಳನ್ನು ಕಟ್ಟಡದ ಹೊರಗಿಡುವುದು. ಈ ಬಗೆಯ ರಕ್ಷಣೆ ಒದಗದೆ ಸಹಿ ಬೀಳಬಾರದು; ಸಹಿ ಬೀಳದೆ ಯಂತ್ರ ಕೂರಬಾರದು.

ಯಂತ್ರವನ್ನು ಹಾಗೆಯೇ ಕೂರಿಸಿಬಿಡುವುದರಿಂದ ಆಗುವ ಅನರ್ಥಕ್ಕೆ ದೂರದ ಬ್ರೆಜಿಲ್ ದೇಶದ ನಿದರ್ಶನವಿದೆ. ಹಿಂದೆ ಅರಮನೆಯಾಗಿದ್ದ ಕಟ್ಟಡದಲ್ಲಿದ್ದ ಅಲ್ಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ 2018ರ ಸೆಪ್ಟೆಂಬರ್ 2ರಂದು ಬೆಂಕಿಗೆ ತುತ್ತಾಯಿತು. ಸುಮಾರು 2 ಕೋಟಿ ವಸ್ತುಗಳಲ್ಲಿ ಬಹುಪಾಲು ನಾಶವಾದವು. ಬೆಂಕಿ ಹುಟ್ಟಿದ್ದು ಸಭಾಂಗಣದ ಏರ್ ಕಂಡಿಷನರಿನಲ್ಲಿ ಎಂದೂ, ಪ್ರತಿ ಯಂತ್ರಕ್ಕೂ ಪ್ರತ್ಯೇಕ ಸರ್ಕ್ಯೂಟ್ ಬ್ರೇಕರ್ ಇರಲಿಲ್ಲ, ಅರ್ಥಿಂಗ್ ಸರಿಯಿರಲಿಲ್ಲ ಎಂದೂ ಪೊಲೀಸ್ ತನಿಖೆ ತಿಳಿಸಿತು. ಇನ್ನೂರು ವರ್ಷಗಳ ಸಂಗ್ರಹ ಒಂದೇ ಇರುಳಿನಲ್ಲಿ ಬೂದಿಯಾಯಿತು.

ನಮ್ಮಲ್ಲಿ ಅನೇಕರು ವಾಸಿಸುವುದೂ, ದುಡಿಯುವುದೂ, ಸಭೆ ಸೇರುವುದೂ ಹಳೆಯ ಕಟ್ಟಡಗಳಲ್ಲಿಯೇ. ಅವುಗಳಿಗೆ ಹೊಸ ಯಂತ್ರ ತರುವ ಮುನ್ನ ಅರ್ಜಿಯೊಂದನ್ನು ಬರೆಯೋಣ. ವಿದ್ಯುತ್ ಪರಿವೀಕ್ಷಕರು ವಿಧಿಸಿದ ಷರತ್ತನ್ನು ತಪ್ಪದೆ ನಡೆಸೋಣ. ಹಿರಿಯರು ಓದಿದ ಗೋಡೆಗಳ ನಡುವೆ ಮಕ್ಕಳೂ ನಿರ್ಭಯವಾಗಿ ಓದುವಂತಾಗಲಿ.