ಮಾರ್ಪಡಿಸಿದ ಕಾರ್ಯಾಚರಣ ವ್ಯವಸ್ಥೆ: ಆಟಗಳ ಸ್ಥಾಪನಾದೋಷಗಳು

ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಯೊಂದನ್ನು ಅದರ ನಿರ್ಮಾತೃಗಳಲ್ಲದ ಅನ್ಯರು ಕೈಗೆತ್ತಿಕೊಂಡು, ಅನಾವಶ್ಯಕವೆಂದು ತಮಗೆ ತೋರಿದ ಅಂಗಗಳನ್ನು ಕಿತ್ತೊಗೆದು, ಕೆಲವು ಸೇವೆಗಳನ್ನು ನಿಷ್ಕ್ರಿಯಗೊಳಿಸಿ, ಅಲ್ಪಸಾಮರ್ಥ್ಯದ ಗಣಕದಲ್ಲಿಯೂ ಚುರುಕಾಗಿ ನಡೆಯುವಂತೆ ಪುನಾರಚಿಸಿದ ರೂಪವು ಮಾರ್ಪಡಿಸಿದ ವ್ಯವಸ್ಥೆಯೆನಿಸುತ್ತದೆ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಎನ್‌ಲೈಟ್ ಎಂಬ ಉಪಕರಣದಿಂದ ಪ್ರಚಾರಕ್ಕೆ ಬಂದ ಈ ಪದ್ಧತಿಯು 2023ರಲ್ಲಿ ಹೊರಬಂದ ಟೈನಿ11ರವರೆಗೂ ನಡೆದುಬಂದಿದೆ. ಇಂಥ ವ್ಯವಸ್ಥೆಯ ಮೇಲೆ ಆಟವೊಂದನ್ನು ಅಳವಡಿಸಲೆಳಸಿದಾಗ ಇನ್‌ಸ್ಟಾಲರ್ ನಡುದಾರಿಯಲ್ಲಿ ನಿಂತು ಎರರ್ ತೋರುವುದೂ, ಸರಿಯಾಗಿ ಕುಳಿತಂತೆ ಕಂಡ ಆಟವು ತೆರೆಯದೆಯೇ ಹೋಗುವುದೂ ಪದೇ ಪದೇ ಕಂಡುಬರುವ ಸಂಗತಿಗಳು.

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯೊಂದನ್ನುಳಿದು ಮಿಕ್ಕ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳಂಥ ಬೇಸಾಯದ ಸೀಮೆಗಳಲ್ಲಿ, ಹಗಲೆಲ್ಲ ನುಡಿ ತಂತ್ರಾಂಶದಲ್ಲಿ ಅರ್ಜಿ, ಲಗ್ನಪತ್ರಿಕೆಗಳನ್ನು ಟೈಪು ಮಾಡುವ ಡಿ.ಟಿ.ಪಿ. ಅಂಗಡಿಯ ಗಣಕದ ಮೇಲೆಯೇ ಸಂಜೆ ಹುಡುಗರು ಜಿಟಿಎ ವೈಸ್ ಸಿಟಿಯಂಥ ಹಳೆಯ ಆಟಗಳನ್ನು ಆಡುವುದು ಅಪರೂಪವಲ್ಲ. ಅಂಥ ಯಂತ್ರಗಳು ಬಹುಮಟ್ಟಿಗೆ ಎರಡನೆಯ ಕೈಯವು. ವಿಂಡೋಸ್ 11 ತನ್ನ ಅಧಿಕೃತ ರೂಪದಲ್ಲಿ ಕನಿಷ್ಠ 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ ಹಾಗೂ ಟಿಪಿಎಂ 2.0 ಎಂಬ ಭದ್ರತಾಘಟಕವನ್ನು ಬಯಸುವುದರಿಂದ, ಈ ಅರ್ಹತೆಯಿಲ್ಲದ ಯಂತ್ರದ ಒಡೆಯನಿಗೆ ಹಗುರಗೊಳಿಸಿದ ಒ.ಎಸ್. (ಕಾರ್ಯಾಚರಣ ವ್ಯವಸ್ಥೆ) ಒಂದು ವರವಾಗಿ ತೋರುವುದು ಸಹಜವೇ ಸರಿ. ಗಾಡಿಯ ಭಾರವಿಳಿಯಲೆಂದು ಕಡಾಣಿಯನ್ನೇ ಕಿತ್ತಂತಾಯಿತೆಂಬುದು ತಿಳಿಯುವುದು ಆಟ ಅಳವಡಿಸಲು ಕುಳಿತಾಗ.

ದೋಷಪರೀಕ್ಷೆಗೆ ಕೈಯಿಕ್ಕುವವನು ಮೊದಲು ಗ್ರಹಿಸತಕ್ಕ ತತ್ತ್ವವೆಂದರೆ, ಇನ್‌ಸ್ಟಾಲರ್ ಹೇಳುವುದು ತಾನು ಎಡವಿದ ಸ್ಥಳವನ್ನೇ ಹೊರತು ಎಡವಿಸಿದ ಕಾರಣವನ್ನಲ್ಲ. ವಿಂಡೋಸ್ ಇನ್‌ಸ್ಟಾಲರ್ ಸೇವೆಯ 1603 ಎಂಬ ಸಂಕೇತವು ಏನೋ ಮಾರಕವಾದದ್ದು ಸಂಭವಿಸಿತೆಂಬುದಕ್ಕಿಂತ ಹೆಚ್ಚೇನನ್ನೂ ತಿಳಿಸುವುದಿಲ್ಲ. 1719 ಎಂಬುದಾದರೋ ಆ ಸೇವೆಯೇ ದೊರೆಯಲಿಲ್ಲವೆಂದು ಸ್ಪಷ್ಟವಾಗಿ ಸಾರುತ್ತದೆ, ಮಾರ್ಪಡಿಸಿದವರು ಅದನ್ನು ನಿಲ್ಲಿಸಿದ್ದರೆ ಮತ್ತೆ ಚಾಲನೆಗೊಳಿಸಬೇಕಾಗುತ್ತದೆ. ಎಂಎಸ್‌ವಿಸಿಪಿ140 ಎಂಬ ಡಿಎಲ್‌ಎಲ್ ಕಡತವಿಲ್ಲವೆಂಬ ದೂರಿಗೆ ವಿಷುಯಲ್ ಸಿ++ ಪುನರ್ವಿತರಣಾ ಕಟ್ಟೂ, ಡಿ3ಡಿಎಕ್ಸ್9_43 ಇಲ್ಲವೆಂಬ ದೂರಿಗೆ ಡೈರೆಕ್ಟ್‌ಎಕ್ಸ್‌ನ 2010ರ ಜೂನ್ ತಿಂಗಳ ಕಟ್ಟೂ ಮದ್ದು. ಇವೆರಡನ್ನೂ ಮೈಕ್ರೋಸಾಫ್ಟ್ ಉಚಿತವಾಗಿ ನೀಡುತ್ತದೆಯಾದುದರಿಂದ, ಬಿಡಿ ಡಿಎಲ್‌ಎಲ್ ಕಡತವನ್ನು ಅಪರಿಚಿತ ಮೂಲದಿಂದ ತಂದು ಸಿಸ್ಟಮ್ ಕೋಶದಲ್ಲಿ ಸುರಿಯುವ ರೂಢಿಯು ಸರ್ವಥಾ ತ್ಯಾಜ್ಯ. 000007ಬಿ ಎಂದು ಮುಗಿಯುವ ಸಂಕೇತವು 32 ಬಿಟ್ಟಿನ ಮತ್ತು 64 ಬಿಟ್ಟಿನ ಕಡತಗಳು ಅಡ್ಡಾದಿಡ್ಡಿಯಾಗಿ ಬೆರೆತುದರ ಲಕ್ಷಣವಾಗಿದ್ದು, ಅನೇಕ ವೇಳೆ ಇಂಥ ಸುರಿತದ ಫಲವೇ ಆಗಿರುತ್ತದೆ.

ಅಂಗಚ್ಛೇದದ ಪರಿಣಾಮವನ್ನು ಅರಿಯಲು ಒಂದು ಅಧಿಕೃತ ನಿದರ್ಶನವೇ ಉಂಟು. 2004ರಲ್ಲಿ ಯೂರೋಪಿಯನ್ ಆಯೋಗವು ನೀಡಿದ ತೀರ್ಮಾನದಂತೆ ಮೈಕ್ರೋಸಾಫ್ಟ್ ಸಂಸ್ಥೆಯು ಮೀಡಿಯಾ ಪ್ಲೇಯರ್ ಇಲ್ಲದ ಎನ್ ಆವೃತ್ತಿಗಳನ್ನು ಹೊರತಂದಿತು. ಇವುಗಳ ಈಚಿನ ರೂಪಗಳಲ್ಲಿ ಆಟದ ನಡುವಣ ವೀಡಿಯೋ ತೋರಿಸುವ ಘಟಕವಿಲ್ಲದ ಕಾರಣ ಎಷ್ಟೋ ಆಟಗಳು ಆರಂಭದಲ್ಲಿಯೇ ಕುಸಿಯುವುವು. ಅಲ್ಲಿ ಮೀಡಿಯಾ ಫೀಚರ್ ಪ್ಯಾಕ್ ಎಂಬ ಪರಿಹಾರವನ್ನು ತಯಾರಕರೇ ಒದಗಿಸಿದ್ದಾರೆ. ಅನ್ಯರು ಕೊರೆದ ವ್ಯವಸ್ಥೆಯಲ್ಲಾದರೋ ಏನನ್ನು ಕೊರೆದರೆಂಬ ಪಟ್ಟಿಯೇ ಹಲವು ಸಲ ದೊರೆಯದು. ಎಕ್ಸ್‌ಬಾಕ್ಸ್ ಗೇಮ್ ಬಾರ್ ಅನ್ನು ಅಳಿಸಿದ್ದರೆ ಆಟ ತೆರೆದಾಗಲೆಲ್ಲ ಗೇಮಿಂಗ್ ಓವರ್‌ಲೇ ಕೊಂಡಿಯನ್ನು ತೆರೆಯಲು ಹೊಸ ಆ್ಯಪ್ ಬೇಕೆಂಬ ಸಂದೇಶ ಬರುವುದು. ಸ್ಟೋರ್ ಅನ್ನೇ ಅಳಿಸಿದ್ದರೆ ಅದರ ಮೂಲಕ ಬರಬೇಕಾದ ಆಟಗಳ ಮಾತನ್ನೇ ಎತ್ತುವಂತಿಲ್ಲ.

ಕನ್ನಡಿಗರಿಗೆ ವಿಶೇಷವಾಗಿ ಬಾಧಕವಾಗುವ ದೋಷವೊಂದುಂಟು. ಅದನ್ನು ತುಸು ವಿಸ್ತಾರವಾಗಿ ಹೇಳಬೇಕು. ಯೂನಿಕೋಡ್ ಬರುವುದಕ್ಕೆ ಮೊದಲಿನ ಪದ್ಧತಿಯಲ್ಲಿ ವಿಂಡೋಸ್ ಹಲವು ಲಿಪಿಗಳಿಗೆ ಒಂದೊಂದು ಸಂಕೇತಪುಟವನ್ನು ನಿಗದಿಮಾಡಿತ್ತು: ರಷ್ಯನ್ನಿಗೆ 1251, ಜಪಾನಿಗೆ 932, ಪಶ್ಚಿಮ ಯೂರೋಪಿನ ಭಾಷೆಗಳಿಗೆ 1252. ಕನ್ನಡಕ್ಕಾದರೋ ಇಡೀ ವ್ಯವಸ್ಥೆಗೆ ನಿಗದಿಮಾಡಬಹುದಾದ ಅಂಥ ಪುಟ ಎಂದಿಗೂ ಇರಲಿಲ್ಲ. ಕನ್ನಡವು ವಿಂಡೋಸನ್ನು ಎಕ್ಸ್‌ಪಿಯ ಕಾಲದಲ್ಲಿ ತುಂಗಾ ಅಕ್ಷರಶೈಲಿಯೊಡನೆ ನೇರವಾಗಿ ಯೂನಿಕೋಡಿನ ಮುಖಾಂತರವೇ ಪ್ರವೇಶಿಸಿತು. ಇದರಿಂದಾಗುವ ಫಲವೇನೆಂದರೆ, ಬಳಕೆದಾರನು ತನ್ನ ಖಾತೆಗೆ ಕನ್ನಡಾಕ್ಷರಗಳಲ್ಲಿ ಹೆಸರಿಟ್ಟಿದ್ದರೆ ಅವನ ಕೋಶದ ಹೆಸರೂ ಕನ್ನಡದಲ್ಲಿಯೇ ಏರ್ಪಟ್ಟು, ತಾತ್ಕಾಲಿಕ ಕಡತಗಳನ್ನು ಆ ಕೋಶದೊಳಗೆ ಬಿಚ್ಚಹೊರಟ ಹಳೆಯ ಇನ್‌ಸ್ಟಾಲರಿಗೆ ಒಂದೊಂದು ಅಕ್ಷರವೂ ಪ್ರಶ್ನಚಿಹ್ನೆಯಾಗಿ ಕಾಣುವುದು. ಪ್ರಶ್ನಚಿಹ್ನೆಯನ್ನು ಕಡತದ ಹೆಸರಿನಲ್ಲಿ ವಿಂಡೋಸ್ ಒಪ್ಪದಾದುದರಿಂದ ಸ್ಥಾಪನೆ ಅಲ್ಲಿಗೇ ನಿಲ್ಲುವುದು. ಇನ್ನೋ ಸೆಟಪ್ ಎಂಬ ಬಹುಬಳಕೆಯ ಸಾಧನವು ಯೂನಿಕೋಡ್ ಅಲ್ಲದ ರೂಪವನ್ನು ಪೂರ್ಣವಾಗಿ ಕೈಬಿಟ್ಟುದು 2019ರ ಆರನೆಯ ಆವೃತ್ತಿಯಲ್ಲಿ. ಆದಕಾರಣ ಅದಕ್ಕೆ ಹಿಂದಿನ ಆಟಗಳಲ್ಲಿ ಈ ತೊಡಕಿನ ಸಂಭವ ಹೆಚ್ಚು.

ಇಲ್ಲಿ ಅನೇಕರು ಸೆಟ್ಟಿಂಗ್ಸಿಗೆ ಹೋಗಿ ಖಾತೆಯ ಹೆಸರನ್ನು ಬದಲಿಸಿ, ಏನೂ ಪ್ರಯೋಜನವಾಗಲಿಲ್ಲವೆಂದು ನಿರಾಶರಾಗುತ್ತಾರೆ. ಬದಲಾದದ್ದು ತೋರಿಕೆಯ ಹೆಸರು. ಕೋಶದ ಹೆಸರು ಹಾಗೆಯೇ ಉಳಿದಿರುತ್ತದೆ. ರೋಮನ್ ಅಕ್ಷರಗಳಲ್ಲಿ ಹೊಸ ಸ್ಥಳೀಯ ಖಾತೆಯೊಂದನ್ನು ತೆರೆಯುವುದು, ಇಲ್ಲವೆ ಟೆಂಪ್ ಮತ್ತು ಟಿಎಂಪಿ ಎಂಬ ಎರಡು ಪರಿಸರ ಚರಗಳನ್ನು ಸಿ ಡ್ರೈವಿನಲ್ಲಿ ನೇರವಾಗಿರುವ ಸರಳ ಹೆಸರಿನ ಕೋಶಕ್ಕೆ ತಿರುಗಿಸುವುದು ಸರಿಯಾದ ಮಾರ್ಗ. ವಿಂಡೋಸ್ 10ರ 1803ನೆಯ ಆವೃತ್ತಿಯಿಂದೀಚೆಗೆ ಇಡೀ ವ್ಯವಸ್ಥೆಯನ್ನು ಯುಟಿಎಫ್-8ಕ್ಕೆ ಒಯ್ಯುವ ಪ್ರಾಯೋಗಿಕ ಆಯ್ಕೆಯೂ ಉಂಟು; ಆದರೆ ಯೂನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳನ್ನು ದಿನವೂ ತೆರೆಯುವ ಡಿ.ಟಿ.ಪಿ. ಯಂತ್ರದಲ್ಲಿ ಅಕ್ಷರಗಳು ವಿಕಾರಗೊಳ್ಳುವ ಸಂಭವವಿರುವುದರಿಂದ ಅದನ್ನು ಮುಟ್ಟದಿರುವುದು ಲೇಸು. ತುಂಗಾ ಅಕ್ಷರಶೈಲಿಯು ವಿಂಡೋಸ್ 10ರಲ್ಲಿ ಐಚ್ಛಿಕ ಭಾಗವಾಗಿರುವುದರಿಂದ, ಅಪ್‌ಡೇಟ್ ಸೇವೆಯನ್ನು ಕಿತ್ತ ವ್ಯವಸ್ಥೆಯಲ್ಲಿ ಅದನ್ನು ಮರಳಿ ತರಿಸಿಕೊಳ್ಳುವುದೂ ಕಷ್ಟ.

ಸಂಕುಚಿತ ಕಟ್ಟುಗಳಾಗಿ ಕೈಯಿಂದ ಕೈಗೆ ಹರಿದಾಡುವ ಆಟಗಳಲ್ಲಿ ಐಎಸ್‌ಡನ್ ಮತ್ತು ಅನ್‌ಆರ್ಕ್ ಎಂಬ ಎರಡು ಡಿಎಲ್‌ಎಲ್‌ಗಳ ಹೆಸರಿನ ಎರರ್ ಕುಪ್ರಸಿದ್ಧ. ಇದಕ್ಕೆ ಒ.ಎಸ್. ಅನ್ನು ದೂರುವುದಕ್ಕೆ ಮೊದಲು ಕಡತವೇ ಹಾಳಾಗಿರಬಹುದೇ, ಡಿಸ್ಕಿನಲ್ಲಿ ಜಾಗವಿದೆಯೇ, ಸ್ಮೃತಿ ಸಾಲುವುದೇ ಎಂದು ನೋಡಬೇಕು. ಮಾರ್ಪಡಿಸಿದ ವ್ಯವಸ್ಥೆಗಳಲ್ಲಿ ಸ್ಮೃತಿ ಸಾಲದಾದಾಗ ಡಿಸ್ಕಿನಿಂದ ನೆರವಾಗುವ ಪೇಜ್ ಫೈಲ್ ಅನ್ನು ನಿಲ್ಲಿಸಿರುವುದು ಹಲವೊಮ್ಮೆ ಕಂಡುಬರುತ್ತದೆ. 4 ಜಿಬಿಯ ಯಂತ್ರದಲ್ಲಿ ದೊಡ್ಡ ಕಟ್ಟನ್ನು ಬಿಚ್ಚುವಾಗ ಸ್ಮೃತಿ ಬತ್ತಿಹೋಗಲು ಇದೊಂದೇ ಸಾಕು. ಫ್ಯಾಟ್32 ರೂಪದ ಡ್ರೈವಿನಲ್ಲಿ 4 ಜಿಬಿಗೆ ಮೀರಿದ ಒಂಟಿ ಕಡತ ಹಿಡಿಸದೆಂಬುದೂ ನೆನಪಿರಲಿ. ಇಂಥ ಕಟ್ಟುಗಳಲ್ಲಿ ಬಹುಪಾಲು ಪರವಾನಗಿಯಿಲ್ಲದವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಕಾರಣ ಗೊತ್ತಾಗದಿದ್ದಲ್ಲಿ ಲಾಗ್ ಬರೆಸುವುದು ಉತ್ತಮ: ಇನ್ನೋ ಸೆಟಪ್‌ನಿಂದ ಮಾಡಿದ ಇನ್‌ಸ್ಟಾಲರನ್ನು ಆಜ್ಞಾಸಾಲಿನಲ್ಲಿ ಲಾಗ್ ಎಂಬ ಸೂಚನೆಯೊಡನೆ ನಡೆಸಿದರೆ ಅದು ತನ್ನ ಪ್ರತಿಯೊಂದು ಹೆಜ್ಜೆಯನ್ನೂ ದಾಖಲಿಸುತ್ತದೆ. ಎಸ್‌ಎಫ್‌ಸಿ, ಡಿಐಎಸ್‌ಎಂ ಎಂಬ ದುರಸ್ತಿ ಆಜ್ಞೆಗಳು ಅಖಂಡ ವಿಂಡೋಸ್‌ನಲ್ಲಿ ಉಪಕಾರಿಗಳಾದರೂ, ವಿನ್‌ಎಸ್‌ಎಕ್ಸ್‌ಎಸ್ ಎಂಬ ಘಟಕಭಂಡಾರವನ್ನೇ ಬರಿದುಮಾಡಿದ ವ್ಯವಸ್ಥೆಯಲ್ಲಿ ಅವಕ್ಕೆ ಸರಿಪಡಿಸಲು ಮೂಲವಸ್ತುವೇ ಸಿಗದು. ಡಾಟ್ ನೆಟ್ 3.5 ಬೇಡುವ ಹಳೆಯ ಆಟದ ಗತಿಯೂ ಅದೇ; ಹಾಕಿರುವ ವಿಂಡೋಸಿನ ಆವೃತ್ತಿಯದೇ ಅಧಿಕೃತ ಐಎಸ್‌ಒ ದೊರೆತಲ್ಲಿ ಅದರ ಸೋರ್ಸಸ್ ಕೋಶದಿಂದ ಬೇಕಾದುದನ್ನು ತುಂಬಿಸಬಹುದು, ಆವೃತ್ತಿ ಹೊಂದದಿದ್ದರೆ ಅದೂ ಫಲಿಸದು.

ಅಂಗಡಿಯವರು ಕೊನೆಯ ಮದ್ದಾಗಿ ಹೇಳುವ ಫಾರ್ಮ್ಯಾಟ್ ಹೊಡೆಯುವುದು ಈ ಸಂದರ್ಭದಲ್ಲಿ ಸರಿಯೇ, ಅದೇ ಮಾರ್ಪಡಿಸಿದ ಪ್ರತಿಯನ್ನು ಮತ್ತೆ ಹಾಕದಿದ್ದರೆ. ಇಂಥ ಪ್ರತಿಗಳಿಂದ ಉಳಿಯುವ ಸ್ಮೃತಿಯ ಲಾಭವು ಕಳೆದುಕೊಂಡ ಘಟಕಗಳ ನಷ್ಟವನ್ನು ತುಂಬಲಾರದೆಂಬುದು ಈ ಲೇಖಕನ ಅಭಿಪ್ರಾಯ. ಅಧಿಕೃತ ವಿಂಡೋಸನ್ನೇ ಹಾಕಿ, ಆರಂಭದಲ್ಲಿ ತಾನಾಗಿ ಏಳುವ ತಂತ್ರಾಂಶಗಳನ್ನು ನಿಲ್ಲಿಸಿದರೆ ಬಹಳಷ್ಟು ಚುರುಕುತನ ಬರುತ್ತದೆ, ಎಸ್‌ಎಸ್‌ಡಿ ಜೋಡಿಸಿದರೆ ಇನ್ನೂ ಹೆಚ್ಚು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಯಂತ್ರಗಳವರು ಇಂಥ ಪ್ರತಿಗಳ ಕಡೆಗೆ ಮತ್ತಷ್ಟು ವಾಲುವ ಸಂಭವವಿದೆ. ಆಟಕ್ಕೆಂದು ಅವನ್ನು ಇಟ್ಟುಕೊಂಡವರು, ಡಿಫೆಂಡರ್ ಎಂಬ ವೈರಸ್ ರಕ್ಷಣೆಯನ್ನು ಕಿತ್ತಿದ್ದರೆ ಅದೇ ಯಂತ್ರದಲ್ಲಿ ಗಿರಾಕಿಗಳ ಆಧಾರ್ ಕೆಲಸವನ್ನಾಗಲಿ ಬ್ಯಾಂಕಿನ ವ್ಯವಹಾರವನ್ನಾಗಲಿ ಮಾಡಕೂಡದು.